ಕೂಡಿಕೊಂಡರೆ ಸಾಲದು

2013ರ ಏಪ್ರಿಲ್ 12ರ ರಾತ್ರಿ, ಲಾಸ್ ಏಂಜಲೀಸ್‌ನ ಬ್ಯಾಸ್ಕೆಟ್‌ಬಾಲ್ ಅಂಗಣ. ಪಂದ್ಯ ಮುಗಿಯಲು ಮೂರು ನಿಮಿಷ ಉಳಿದಿತ್ತು. ಲೇಕರ್ಸ್ ತಂಡದ ಕೋಬಿ ಬ್ರಯಂಟ್ ಎದುರಾಳಿಯನ್ನು ದಾಟಿ ಹೋಗಲು ಎಡಗಾಲನ್ನು ನೆಲಕ್ಕೊತ್ತಿ ನುಗ್ಗಿದರು. ಮರುಕ್ಷಣ ನೆಲದ ಮೇಲಿದ್ದರು. ಯಾರೋ ಹಿಂದಿನಿಂದ ಒದ್ದ ಹಾಗಾಗಿತ್ತು. ‘ನೀನೇನಾದರೂ ಒದ್ದೆಯಾ?’ ಎಂದು ಎದುರಾಳಿ ಆಟಗಾರನನ್ನೇ ಕೇಳಿದರು. ಅವನು ಒದ್ದಿರಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ಅಕಿಲಿಸ್ ಸ್ನಾಯುರಜ್ಜು ತುಂಡಾಗಿತ್ತು. ಅದೇ ಕಾಲಿನಲ್ಲಿ ಬ್ರಯಂಟ್ ಎದ್ದು, ಗೆರೆಯ ತನಕ ನಡೆದು, ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿ, ಆಮೇಲೆ ಅಂಗಣದಿಂದ ಹೊರಗೆ ಹೋದರು.

ಈ ಪ್ರಸಂಗವನ್ನು ಅವರ ಕೆಚ್ಚಿನ ಉದಾಹರಣೆಯಾಗಿ ಹೇಳುವುದುಂಟು. ಕೆಚ್ಚು ಇತ್ತು, ನಿಜ. ಮೂಳೆವೈದ್ಯರು ಮಾತ್ರ ಇದರಲ್ಲಿ ಇನ್ನೊಂದನ್ನೂ ನೋಡುತ್ತಾರೆ: ದೇಹದಲ್ಲೇ ಅತಿ ದಪ್ಪ, ಅತಿ ಬಲವಾದ ಸ್ನಾಯುರಜ್ಜು ಪೂರ್ತಿ ಹರಿದ ಮೇಲೂ ಮನುಷ್ಯ ನಾಲ್ಕು ಹೆಜ್ಜೆ ನಡೆಯಬಲ್ಲ. ಹೆಬ್ಬೆರಳಿಗೆ ಹೋಗುವ ಸ್ನಾಯು, ಉಳಿದ ಬೆರಳುಗಳಿಗೆ ಹೋಗುವ ಸ್ನಾಯು, ಕಣಕಾಲಿನ ಒಳಬದಿ ಮತ್ತು ಹೊರಬದಿಯ ಸ್ನಾಯುಗಳು ಎಲ್ಲವೂ ಕಣಕಾಲಿನ ಹಿಂದಿನಿಂದಲೇ ಹಾದು ಪಾದಕ್ಕೆ ಇಳಿಯುತ್ತವೆ. ದೊಡ್ಡ ರಜ್ಜು ಕೈಕೊಟ್ಟರೆ ಇವೆಲ್ಲ ಸೇರಿ ಪಾದವನ್ನು ಒಂದಿಷ್ಟು ಕೆಳಕ್ಕೆ ಒತ್ತುತ್ತವೆ. ಮಂಚದ ಮೇಲೆ ಕೂತ ರೋಗಿಗೆ ‘ಪಾದ ಅಲ್ಲಾಡಿಸಿ’ ಎಂದರೆ ಅಲ್ಲಾಡಿಸುತ್ತಾನೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರುವುದಿಲ್ಲ. ನೋವೂ ಬಹಳ ಸಲ ಬೇಗ ಇಳಿದಿರುತ್ತದೆ. ‘ಉಳುಕಿದೆ, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳಿ’ ಎಂಬ ಮಾತಿನೊಂದಿಗೆ ಅವನು ಮನೆಗೆ ಬರುತ್ತಾನೆ. ಮೊದಲ ತಪಾಸಣೆಯಲ್ಲಿ ಸುಮಾರು ಐದರಲ್ಲೊಂದು ಪ್ರಕರಣ ಹೀಗೆ ತಪ್ಪಿಹೋಗುತ್ತದೆ ಎಂದು ವೈದ್ಯಕೀಯ ಬರಹಗಳು ಮತ್ತೆ ಮತ್ತೆ ಹೇಳುತ್ತಲೇ ಬಂದಿವೆ.

ತಪ್ಪಿಸಿಕೊಳ್ಳಲು ಕಾರಣವೇ ಇಲ್ಲ. ಇದನ್ನು ಪತ್ತೆಹಚ್ಚಲು ಎಂಆರ್‌ಐ ಬೇಡ, ಕೈ ಸಾಕು. ರೋಗಿಯನ್ನು ಬೋರಲು ಮಲಗಿಸಿ, ಪಾದ ಮಂಚದ ಅಂಚಿನಾಚೆ ಇಳಿಬಿಟ್ಟಿರುವಂತೆ ನೋಡಿಕೊಂಡು, ಮೀನಖಂಡವನ್ನು ಹಿಂಡಬೇಕು. ರಜ್ಜು ಗಟ್ಟಿಯಾಗಿದ್ದರೆ ಬೆರಳ ತುದಿ ಚಾಚಿಕೊಳ್ಳುವಂತೆ ಪಾದ ತಾನಾಗಿ ಅಲುಗುತ್ತದೆ. ಹರಿದಿದ್ದರೆ ಅಲುಗದು. ಇಂಗ್ಲೆಂಡಿನ ಸಿಮ್ಮಂಡ್ಸ್ ಇದನ್ನು 1957ರಲ್ಲಿ ಬರೆದರು, ಅಮೆರಿಕದ ಥಾಂಪ್ಸನ್ 1962ರಲ್ಲಿ. ಹಾಗೇ ಬೋರಲು ಮಲಗಿಸಿದಾಗ ಎರಡೂ ಮಂಡಿ ಮಡಿಸಿ ಪಾದಗಳನ್ನು ಹೋಲಿಸಿದರೆ ಇನ್ನೊಂದು ಗುರುತೂ ಸಿಗುತ್ತದೆ. ಸರಿಯಿರುವ ಪಾದ ಸ್ವಲ್ಪ ಚಾಚಿಕೊಂಡೇ ನಿಂತಿರುತ್ತದೆ, ಪೆಟ್ಟಾದ ಪಾದ ಮೊಣಕಾಲಿನತ್ತ ಬಾಗಿ ಬಿದ್ದಿರುತ್ತದೆ. ವಿಶ್ರಾಂತಿಯಲ್ಲಿ ಪಾದ ನಿಲ್ಲುವ ಈ ಕೋನವನ್ನು ನೆನಪಿಟ್ಟುಕೊಳ್ಳಿ. ಗಾಯ ಕೂಡಿಕೊಂಡ ಮೇಲೂ ಇದೇ ಕೋನ ನಮಗೆ ಬೇಕಾಗುತ್ತದೆ.

ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಮೇಲಿನದು ಮಂಡಿಯ ಮೇಲ್ಭಾಗದಿಂದ ಎರಡು ತಲೆಯಾಗಿ ಹೊರಡುತ್ತದೆ. ಅದರಡಿಯ ಚಪ್ಪಟೆ ಸ್ನಾಯು ಮಂಡಿಯ ಕೆಳಗಿನಿಂದ ಹೊರಡುತ್ತದೆ. ಎರಡೂ ಸೇರಿ ಸುಮಾರು 15 ಸೆಂಟಿಮೀಟರ್ ಉದ್ದದ ಒಂದೇ ರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಇಳಿಯುತ್ತ ಇಳಿಯುತ್ತ ಇದರ ಎಳೆಗಳು ಸುಮಾರು 90 ಡಿಗ್ರಿ ತಿರುಚಿಕೊಳ್ಳುತ್ತವೆ, ತೆಂಗಿನ ನಾರನ್ನು ಹುರಿಮಾಡಿ ಹಗ್ಗ ಹೊಸೆದ ಹಾಗೆ. ಎಳೆದಾಗ ಹಿಗ್ಗಿ ಬಿಟ್ಟಾಗ ಕುಗ್ಗುವ ಗುಣ ಇರುವುದರಿಂದ ಓಡುವಾಗ ಇದು ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತದೆ. 1987ರಲ್ಲಿ ಬ್ರಿಟನ್ನಿನ ಕೆರ್, ಮೆಕ್ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಹಾಕಿದ ಲೆಕ್ಕದ ಪ್ರಕಾರ, ಓಟದ ಪ್ರತಿ ಹೆಜ್ಜೆಯಲ್ಲಿ ಕೈಬದಲಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 35ರಷ್ಟನ್ನು ಈ ಒಂದು ರಜ್ಜುವೇ ಉಳಿಸಿ ಕೊಡುತ್ತದೆ. ಫಿನ್ಲೆಂಡಿನ ಪಾವೊ ಕೋಮಿ ರಜ್ಜುವಿನ ಸುತ್ತಲೇ ಒಂದು ಅಳತೆಯ ಬಕಲ್ ಕೂರಿಸಿ ನೋಡಿದಾಗ ಓಟದಲ್ಲಿ ಅದರ ಮೇಲಿನ ಎಳೆತ ದೇಹತೂಕದ 12 ಪಟ್ಟಿಗೂ ಮೀರಿತ್ತು.

ಇಷ್ಟು ಬಲದ ವಸ್ತು ಯಾಕೆ ಹರಿಯುತ್ತದೆ? ಹೆಚ್ಚಿನ ಸಲ ಹರಿಯುವುದು ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ. ಮೇಲಿನಿಂದ ಸ್ನಾಯು ಕಡೆಯ ರಕ್ತನಾಳಗಳೂ ಕೆಳಗಿನಿಂದ ಮೂಳೆ ಕಡೆಯವೂ ಬಂದು ಸೇರುವ ನಡುವಿನ ಈ ಭಾಗಕ್ಕೆ ರಕ್ತ ಕಡಿಮೆ. ಇದು ಹಳೆಯ ವಿವರಣೆ, ಈಗಲೂ ನಿಲ್ಲುವಂಥದ್ದು. ಆದರೆ ನನ್ನ ಮನಸ್ಸನ್ನು ಹಿಡಿದದ್ದು 2013ರಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಒಂದು ಅಧ್ಯಯನ. ಅದಕ್ಕೂ ಅಣುಬಾಂಬಿಗೂ ನಂಟಿದೆ.

1950ರ ದಶಕದ ನಡುವಿನಿಂದ 1963ರ ತನಕ ದೊಡ್ಡ ರಾಷ್ಟ್ರಗಳು ಬಯಲಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷಿಸಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಪರೀಕ್ಷೆ ನಿಷೇಧದ ಒಪ್ಪಂದವಾದ ಮೇಲೆ ವರ್ಷ ವರ್ಷಕ್ಕೂ ಇಳಿಯುತ್ತ ಬಂತು. ಗಿಡ ಅದನ್ನು ಹೀರಿಕೊಂಡಿತು, ಗಿಡದಿಂದ ನಮ್ಮ ಊಟಕ್ಕೆ ಬಂತು, ಊಟದಿಂದ ಮೈಗೆ. ಹಾಗಾಗಿ ಮೈಯ ಯಾವ ಭಾಗ ಯಾವ ವರ್ಷ ಕಟ್ಟಿದ್ದೆಂಬುದನ್ನು ಅದರಲ್ಲಿರುವ ಕಾರ್ಬನ್-14 ಹೇಳುತ್ತದೆ. ಕಾತ್ಯ ಹೈನೆಮೈಯರ್ ಮತ್ತು ಸಂಗಡಿಗರು ತೀರಿಕೊಂಡವರ ಅಕಿಲಿಸ್ ರಜ್ಜುವಿನ ತಿರುಳನ್ನು ಹೀಗೆ ಪರೀಕ್ಷಿಸಿದರು. ಪಕ್ಕದ ಸ್ನಾಯು ಮತ್ತೆ ಮತ್ತೆ ಹೊಸದಾಗುತ್ತಲೇ ಇತ್ತು. ರಜ್ಜುವಿನ ತಿರುಳು ಮಾತ್ರ ಹದಿನೇಳು ವರ್ಷದೊಳಗೆ ಕಟ್ಟಿ ಮುಗಿದಿತ್ತು, ಆಮೇಲೆ ಹೆಚ್ಚುಕಡಿಮೆ ಹೊಸದಾಗಿಯೇ ಇರಲಿಲ್ಲ. ನಲವತ್ತೈದರ ಮನುಷ್ಯ ಶಾಲೆಯಲ್ಲಿ ಓದುವಾಗ ಕಟ್ಟಿದ ರಜ್ಜುವಿನ ಮೇಲೆಯೇ ಈಗಲೂ ನಡೆಯುತ್ತಿದ್ದಾನೆ.

 ರಜ್ಜುವಿನ ತಿರುಳಿನಲ್ಲಿ ನಿತ್ಯದ ರಿಪೇರಿಯ ಕೆಲಸವೇ ತೀರ ಕಡಿಮೆ. ಸವೆತ ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ಕಾನ್ನುಸ್ ಮತ್ತು ಯೋಜಾ ಎಂಬಿಬ್ಬರು 1991ರಲ್ಲಿ, ತಾವಾಗಿ ಹರಿದ 891 ರಜ್ಜುಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಕೊಟ್ಟರು. ಶೇಕಡಾ 97ರಲ್ಲಿ ಹರಿಯುವ ಮೊದಲೇ ಸವೆತ ಇತ್ತು. ಚೀನಾದ ಹರ್ಡಲ್ಸ್ ಓಟಗಾರ ಲಿಯು ಷಿಯಾಂಗ್‌ಗೆ ಮುನ್ಸೂಚನೆ ಇತ್ತು: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದೇ ಕಾಲಿನ ನೋವಿನಿಂದ ಹಿಂದೆ ಸರಿದವರು 2012ರಲ್ಲಿ ಲಂಡನ್ನಿನಲ್ಲಿ ಮೊದಲ ಹರ್ಡಲ್‌ಗೇ ತಾಗಿ ಬಿದ್ದರು, ರಜ್ಜು ಹರಿದಿತ್ತು. ಹೆಚ್ಚಿನವರಿಗೆ ಇಂಥ ಸೂಚನೆಯೂ ಇರುವುದಿಲ್ಲ. ಹಿಂದಿನ ದಿನದ ತನಕ ಕಾಲು ಚೆನ್ನಾಗಿಯೇ ಇರುತ್ತದೆ.

ಹರಿಯುವವರ ಪೈಕಿ ಗಂಡಸರೇ ಹೆಚ್ಚು, ಮೂವತ್ತರಿಂದ ಐವತ್ತರ ವಯಸ್ಸು, ವಾರವಿಡೀ ಕುರ್ಚಿ, ಶನಿವಾರ ಭಾನುವಾರ ಆಟ. ಉತ್ತರ ಯುರೋಪಿನ ವರದಿಗಳಲ್ಲಿ ಬ್ಯಾಡ್ಮಿಂಟನ್ ಹೆಸರು ಮತ್ತೆ ಮತ್ತೆ ಬರುತ್ತದೆ. ಹಿಂದಕ್ಕೆ ಸರಿದವನು ನೆಟ್ ಬಳಿ ಬಿದ್ದ ಡ್ರಾಪ್‌ಗೆ ತಟ್ಟನೆ ಮುಂದೆ ಜಿಗಿಯುತ್ತಾನೆ; ಮಂಡಿ ನೆಟ್ಟಗಾಗುತ್ತ, ಹಿಮ್ಮಡಿ ನೆಲಕ್ಕಿಳಿಯುತ್ತ ಇರುವಾಗಲೇ ಮೀನಖಂಡ ಬಲವಾಗಿ ಎಳೆಯುತ್ತದೆ. ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ಶಟಲ್ ಕೋರ್ಟುಗಳು ಎದ್ದಿರುವ ಈ ಕಾಲದಲ್ಲಿ ಇದು ನಮಗೆ ದೂರದ ಸಂಗತಿಯಲ್ಲ. ವೃತ್ತಿಪರರನ್ನೂ ಇದು ಬಿಡುವುದಿಲ್ಲ. ನ್ಯೂಜಿಲೆಂಡಿನ ಕ್ರಿಕೆಟಿಗ ಮೈಕೆಲ್ ಬ್ರೇಸ್‌ವೆಲ್ 2023ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಆಡುತ್ತಿದ್ದಾಗ ರಜ್ಜು ಹರಿದುಕೊಂಡು ಆ ವರ್ಷ ಭಾರತದಲ್ಲಿ ನಡೆದ ವಿಶ್ವಕಪ್ಪಿಗೆ ಬರಲಾಗಲಿಲ್ಲ.

ಆಟ ಆಡದವರಿಗೂ ಇದು ಬರುವ ಒಂದು ದಾರಿಯ ಬಗ್ಗೆ ನಾನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದರ ಮಾತೇ ಇಲ್ಲ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಎಂಬ ಪ್ರತಿಜೀವಕಗಳು ರಜ್ಜುವಿನ ಜೀವಕೋಶಗಳಿಗೆ ಹಾನಿ ಮಾಡಬಲ್ಲವು. ಅರವತ್ತು ದಾಟಿದವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ, ಮೂತ್ರಪಿಂಡ ಕಸಿಯಾದವರಲ್ಲಿ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2008ರಲ್ಲೇ ಈ ಔಷಧಗಳ ಪೊಟ್ಟಣಕ್ಕೆ ಅತ್ಯಂತ ಕಟುವಾದ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. ಇಲ್ಲಿ ಹೊಟ್ಟೆ ಕೆಟ್ಟರೆ, ಉರಿಮೂತ್ರವಾದರೆ ಇದೇ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ನುಂಗುತ್ತೇವೆ. ಸರಿಯಾದ ಕಾಯಿಲೆಗೆ ಇವು ಬೇಕಾದ ಔಷಧಗಳೇ. ಆದರೆ ಇವನ್ನು ತೆಗೆದುಕೊಳ್ಳುತ್ತಿರುವ ಅಜ್ಜನಿಗೆ ಹಿಮ್ಮಡಿಯ ಮೇಲೆ ನೋವು ಬಂದರೆ, ಅದು ವಯಸ್ಸಿನ ನೋವೆಂದು ಎಣ್ಣೆ ಹಚ್ಚಿ ಕೂರದೆ, ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ಪೂರಾ ನಮ್ಮ ಕಡೆಯ ಗಾಯ. ಒದ್ದೆಯಾದ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕಾಲು ಜಾರಿ ಬೇಸಿನ್ನಿನೊಳಗೆ ಹೋಗುತ್ತದೆ, ಒಡೆದ ಪಿಂಗಾಣಿಯ ಅಂಚು ಹಿಮ್ಮಡಿಯ ಹಿಂಬದಿಯನ್ನು ಕೊಯ್ದುಬಿಡುತ್ತದೆ. ಭಾರತದ ಮೂಳೆ ಶಸ್ತ್ರವೈದ್ಯರು ಇದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಬೈಕಿನ ಹಿಂದೆ ಕೂತ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಯೂ ಹೀಗಾಗುತ್ತದೆ. ಇಂಥ ತೆರೆದ ಗಾಯದಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕೇ ಬೇಡವೇ ಎಂಬ ಚರ್ಚೆ ಇಲ್ಲ. ತೊಳೆದು, ಹೊಲಿಯಲೇಬೇಕು. ‘ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿದರಾಯಿತು’ ಎಂದು ಮುಗಿಸಿದರೆ ಒಳಗೆ ರಜ್ಜು ತುಂಡಾಗಿಯೇ ಉಳಿಯುತ್ತದೆ.

ಚರ್ಚೆ ಇರುವುದು ಚರ್ಮ ಹರಿಯದೆ ರಜ್ಜು ಮಾತ್ರ ಹರಿದಾಗ. ಹರಿದ ತುದಿಗಳು ಬಿಡಿಬಿಡಿ ಎಳೆಗಳಾಗಿ ಕೆದರಿರುತ್ತವೆ, ನಡುವೆ ರಕ್ತ ಹೆಪ್ಪುಗಟ್ಟಿರುತ್ತದೆ. ಪಾದವನ್ನು ತುದಿಗಾಲಿನ ಭಂಗಿಯಲ್ಲಿ ಹಿಡಿದಿಟ್ಟರೆ ಆ ತುದಿಗಳು ಹತ್ತಿರ ಬರುತ್ತವೆ. ಹೊಲಿದರೂ ಹೊಲಿಯದಿದ್ದರೂ ಆಮೇಲಿನ ಜೀವವ್ಯಾಪಾರ ಒಂದೇ. ಮೊದಲ ಕೆಲವು ದಿನ ಉರಿಯೂತ, ರಕ್ತದೊಂದಿಗೆ ಬಂದ ಜೀವಕೋಶಗಳ ಸ್ವಚ್ಛತೆಯ ಕೆಲಸ. ಆಮೇಲೆ ಸುಮಾರು ಆರು ವಾರದ ತನಕ ಕೊಲ್ಯಾಜನ್‌ ಎಳೆಗಳ ಅವಸರದ ನೇಯ್ಗೆ. ಈ ಎಳೆಗಳು ಮೂರನೆಯ ಬಗೆಯವು, ತೆಳು, ಅಡ್ಡಾದಿಡ್ಡಿ. ಅಲ್ಲಿಂದಾಚೆ ಒಂದು ವರ್ಷಕ್ಕೂ ಮೀರಿ ಅವುಗಳ ಜಾಗಕ್ಕೆ ಗಟ್ಟಿಯಾದ ಮೊದಲ ಬಗೆಯ ಎಳೆಗಳು ಬರುತ್ತ, ಎಳೆತದ ದಿಕ್ಕಿಗೆ ಸಾಲುಗೂಡುತ್ತವೆ. ಕೊನೆಗೆ ಉಳಿಯುವುದು ಮೂಲಕ್ಕಿಂತ ದಪ್ಪವಾದ ಒಂದು ಗಾಯಕಲೆ. ಕೈಗೆ ಗಂಟಿನಂತೆ ಸಿಗುತ್ತದೆ. ಗಾಬರಿಯಾಗಬೇಕಿಲ್ಲ, ಅದು ಹಾಗೆಯೇ ಇರುತ್ತದೆ.

ಹೊಲಿಯಬೇಕೇ ಎಂಬುದಕ್ಕೆ ಇತ್ತೀಚಿನ ದೊಡ್ಡ ಉತ್ತರ ನಾರ್ವೆಯಿಂದ 2022ರಲ್ಲಿ ಬಂತು. ಐನೂರಕ್ಕೂ ಹೆಚ್ಚು ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯಿಲ್ಲ, ಒಂದಕ್ಕೆ ತೆರೆದ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸಣ್ಣ ತೂತಿನ ಶಸ್ತ್ರಚಿಕಿತ್ಸೆ ಎಂದು ಹಂಚಿದರು. ವರ್ಷದ ಕೊನೆಗೆ ನೋವು, ನಡಿಗೆ, ಓಟದ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಮೂರು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ರಜ್ಜು ಮತ್ತೆ ಹರಿದದ್ದು ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಶೇಕಡಾ 6.2, ಮಾಡಿಸಿಕೊಂಡ ಎರಡೂ ಗುಂಪಿನಲ್ಲಿ ಶೇಕಡಾ 0.6. ನರಕ್ಕೆ ಪೆಟ್ಟಾದದ್ದು ಕ್ರಮವಾಗಿ ಶೇಕಡಾ 0.6, 2.8 ಮತ್ತು 5.2. ಪಾದದ ಹೊರ ಅಂಚಿಗೆ ಸ್ಪರ್ಶ ಕೊಡುವ ನರ ರಜ್ಜುವಿನ ಪಕ್ಕದಲ್ಲೇ ಹಾದುಹೋಗುತ್ತದೆ. ಸಣ್ಣ ತೂತಿನಿಂದ ಕಾಣದೆ ಹೊಲಿಯುವಾಗ ಅದು ಸೂಜಿಗೆ ಸಿಗುವ ಸಂಭವ ಹೆಚ್ಚು.

ಈ ಅಂಕಿಗಳನ್ನು ನೋಡಿ ಒಬ್ಬೊಬ್ಬರು ಒಂದೊಂದು ತೀರ್ಮಾನಕ್ಕೆ ಬರಬಹುದು, ಬರಬೇಕಾದ್ದೂ ಹಾಗೆಯೇ. ಮತ್ತೆ ಆಟಕ್ಕೆ ಇಳಿಯಬೇಕೆನ್ನುವ ಮೂವತ್ತರ ಯುವಕನಿಗೆ ಹೊಲಿಗೆ ಸರಿ ಕಾಣಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಲೆಕ್ಕ ಬೇರೆ. ಹಿಮ್ಮಡಿಯ ಮೇಲಿನ ಚರ್ಮ ತೆಳು, ಅದರಡಿಯಲ್ಲಿ ಮಾಂಸವಿಲ್ಲ. ಅಲ್ಲಿ ಗಾಯ ಕೀವಾಗಿ ಚರ್ಮ ಸತ್ತರೆ ಮುಚ್ಚಲು ಮೈಯ ಬೇರೆ ಕಡೆಯಿಂದ ಚರ್ಮ ತರಬೇಕಾದೀತು. ರೋಗಿಯ ಮುಂದೆ ಎರಡೂ ದಾರಿಯನ್ನು ಇಡದೆ ‘ನಾಳೆ ಬೆಳಿಗ್ಗೆ ಆಪರೇಷನ್’ ಎನ್ನುವುದೂ ‘ಪಟ್ಟಿ ಹಾಕಿದರೆ ತಾನೇ ಕೂಡಿಕೊಳ್ಳುತ್ತದೆ’ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಒಂದನ್ನು ಮಾತ್ರ ಖಚಿತವಾಗಿ ಹೇಳಬಹುದು. ರೋಗಿಯ ರಕ್ತದಿಂದಲೇ ತೆಗೆದು ಚುಚ್ಚುವ ಪ್ಲೇಟ್ಲೆಟ್ ದ್ರವ, ಅಂದರೆ ಪಿಆರ್‌ಪಿ, ಹರಿದ ಅಕಿಲಿಸ್ ರಜ್ಜುವಿಗೆ ಉಪಯೋಗವಾಗಲಿಲ್ಲ. ಬ್ರಿಟನ್ನಿನಲ್ಲಿ 230 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆ ಅದನ್ನು ಸ್ಪಷ್ಟವಾಗಿ ತೋರಿಸಿತು. ಆ ದುಡ್ಡನ್ನು ಫಿಸಿಯೊಥೆರಪಿಗೆ ಉಳಿಸಿಕೊಳ್ಳುವುದು ಮೇಲು.

ಹಿಂದೆಲ್ಲ ಕಾಲಿಗೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ನೆಲಕ್ಕೆ ಊರಬೇಡಿ ಎನ್ನುತ್ತಿದ್ದರು. ಕೆನಡಾದ ವಿಲಿಟ್ಸ್ ಮತ್ತು ಸಂಗಡಿಗರು 2010ರಲ್ಲಿ, ಹೊಲಿಗೆಯಿಲ್ಲದಿದ್ದರೂ ಬೇಗ ಭಾರ ಹಾಕಿಸಿ, ಬೇಗ ಅಲುಗಾಡಿಸಿದರೆ ಫಲಿತಾಂಶ ಚೆನ್ನಾಗಿರುತ್ತದೆಂದು ತೋರಿಸಿದರು. 2020ರಲ್ಲಿ ಬ್ರಿಟನ್ನಿನ 540 ರೋಗಿಗಳ ಪರೀಕ್ಷೆಯಲ್ಲಿ ಪ್ಲಾಸ್ಟರಿನ ಬದಲು ಬೂಟಿನಂಥ ಪಟ್ಟಿ ಹಾಕಿ ಮೊದಲಿನಿಂದಲೇ ನಡೆಸಿದರೂ ತೊಂದರೆ ಹೆಚ್ಚಲಿಲ್ಲ. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಪೆರ್ ಆಸ್ಪೆನ್‌ಬರಿಯ ಗುಂಪು ಇಲಿಗಳಲ್ಲಿ ಇದರ ಕಾರಣ ಹುಡುಕಿತು. ಗಾಯವಾದ ರಜ್ಜುವಿಗೆ ದಿನಕ್ಕೆ ಕೆಲವೇ ನಿಮಿಷ ಭಾರ ಬಿದ್ದರೂ ಕಲೆ ಗಟ್ಟಿಯಾಗುತ್ತಿತ್ತು, ಭಾರವೇ ಇಲ್ಲದ ರಜ್ಜು ಬಲಹೀನವಾಗಿ ಉಳಿಯುತ್ತಿತ್ತು. ರಜ್ಜುವಿನ ಜೀವಕೋಶಗಳಿಗೆ ಕಟ್ಟು ಎಂಬ ಆಜ್ಞೆ ಬರುವುದು ಎಳೆತದಿಂದಲೇ.

ಹಾಗಾದರೆ ಎಳೆಯುತ್ತಲೇ ಇರಬಹುದೇ? ಇಲ್ಲ. ಈ ಗಾಯದ ಇಡೀ ಕಷ್ಟ ಇರುವುದು ಇಲ್ಲೇ. ಹೊಸ ಕಲೆ ಮೆತ್ತಗಿರುತ್ತದೆ, ಎಳೆದರೆ ಗಟ್ಟಿಯಾಗುವುದರ ಜೊತೆಗೆ ಉದ್ದವೂ ಆಗುತ್ತದೆ. ಲಿಂಕೋಪಿಂಗ್‌ನಲ್ಲೇ ಶಸ್ತ್ರಚಿಕಿತ್ಸೆಯ ವೇಳೆ ರಜ್ಜುವಿನ ಎರಡು ತುದಿಗಳಲ್ಲಿ ಟ್ಯಾಂಟಲಮ್ ಲೋಹದ ಪುಟ್ಟ ಮಣಿಗಳನ್ನಿಟ್ಟು, ಎಕ್ಸ್‌ರೇಯಲ್ಲಿ ಅವುಗಳ ನಡುವಿನ ದೂರವನ್ನು ತಿಂಗಳುಗಟ್ಟಲೆ ಅಳೆದರು. ಚೆನ್ನಾಗಿ ಹೊಲಿದ, ಚೆನ್ನಾಗಿ ಕೂಡಿಕೊಂಡ ರಜ್ಜುಗಳಲ್ಲೂ ಮಣಿಗಳು ದೂರ ಸರಿದವು. ಮೀನಖಂಡಕ್ಕೆ ಈ ಉದ್ದ ದುಬಾರಿ. ರಜ್ಜು ಉದ್ದವಾದರೆ ಸ್ನಾಯು ತನ್ನ ಎಳೆಗಳನ್ನು ಗಿಡ್ಡ ಮಾಡಿಕೊಂಡು ಹೊಂದಿಕೊಳ್ಳುತ್ತದೆ. ಗಿಡ್ಡ ಸ್ನಾಯುವಿಗೆ ಹಿಮ್ಮಡಿಯನ್ನು ಕೊನೆಯ ತನಕ ಎತ್ತುವ ಅವಕಾಶ ಉಳಿಯುವುದಿಲ್ಲ. ಸೆಂಟಿಮೀಟರಿನ ಲೆಕ್ಕದ ಈ ವ್ಯತ್ಯಾಸ ನಡಿಗೆಯಲ್ಲಿ ಗೊತ್ತಾಗದೆ ಹೋಗಬಹುದು. ಮೆಟ್ಟಿಲು ಇಳಿಯುವಾಗ, ಓಡುವಾಗ, ಎತ್ತರದ ಡಬ್ಬಿ ತೆಗೆಯಲು ತುದಿಗಾಲಲ್ಲಿ ನಿಲ್ಲುವಾಗ ಗೊತ್ತಾಗುತ್ತದೆ.

ಆದ್ದರಿಂದ ಬೂಟಿನೊಳಗೆ ಹಿಮ್ಮಡಿಯಡಿ ಇಡುವ ಬೆಣೆಗಳನ್ನು ಒಂದೊಂದಾಗಿ, ವಾರಗಳ ಅಂತರದಲ್ಲಿ ತೆಗೆಯುತ್ತಾರೆ. ಭಾರ ಹಾಕಿಸುತ್ತಾರೆ, ಹಿಗ್ಗಲು ಬಿಡುವುದಿಲ್ಲ. ಬೂಟು ಸುಮಾರು ಎಂಟು ವಾರ ಇರುತ್ತದೆ. ಅದು ಬಿಚ್ಚಿದ ದಿನ ಮನೆಯವರಿಗೆಲ್ಲ ಸಂತೋಷ, ವೈದ್ಯರಿಗೆ ಆತಂಕ, ಯಾಕೆಂದರೆ ಮತ್ತೆ ಹರಿಯುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಪಾದ ಬಿಗಿದುಕೊಂಡಿದೆ ಅನಿಸುತ್ತದೆ, ಜಗ್ಗಿ ಸಡಿಲಿಸಬೇಕೆಂಬ ಆಸೆ ಬರುತ್ತದೆ. ಜಗ್ಗಬಾರದು. ಆ ಬಿಗಿತ ಒಳ್ಳೆಯದು, ಅದು ತಾನಾಗಿ ತಿಂಗಳುಗಳಲ್ಲಿ ಬಿಡುತ್ತದೆ. ಉದ್ದವಾದ ರಜ್ಜು ಮಾತ್ರ ತಾನಾಗಿ ಗಿಡ್ಡವಾಗದು.

ಪಾಶ್ಚಾತ್ಯ ಕೈಪಿಡಿಗಳಲ್ಲಿ ಇಲ್ಲದ ಕೆಲವು ವಿಷಯ ನಮ್ಮ ಮನೆಗಳಿಗೆ ಬೇಕು. ಕುಕ್ಕರಗಾಲಲ್ಲಿ ಕೂತಾಗ ಪಾದ ಮೊಣಕಾಲಿನತ್ತ ಎಷ್ಟು ಬಾಗುತ್ತದೋ ಅಷ್ಟು ಬಾಗುವ ಇನ್ನೊಂದು ಭಂಗಿ ದಿನನಿತ್ಯದಲ್ಲಿ ಇಲ್ಲ. ಇಂಡಿಯನ್ ಟಾಯ್ಲೆಟ್ ಮಾತ್ರ ಇರುವ ಮನೆಯಲ್ಲಿ ಕಮೋಡ್ ಕುರ್ಚಿಯೊಂದನ್ನು ಬೂಟು ಬಿಚ್ಚುವ ಮೊದಲೇ ತಂದಿಡಬೇಕು, ಹಲವು ತಿಂಗಳು ಬಳಸಬೇಕು. ಕೂತು ಕಸ ಗುಡಿಸುವುದು, ನೆಲ ಒರೆಸುವುದು, ಕಳೆ ಕೀಳುವುದು, ನಾಟಿ ಹಾಕುವುದು ಸದ್ಯಕ್ಕೆ ಬೇಡ. ಸೂರ್ಯನಮಸ್ಕಾರದಲ್ಲಿ ಹಿಮ್ಮಡಿಯನ್ನು ನೆಲಕ್ಕೊತ್ತುವ ಪರ್ವತಾಸನವೂ ಬೇಡ. ಮನೆಯೊಳಗೆ ಬರಿಗಾಲಲ್ಲಿ ನಡೆಯುವುದು ನಮ್ಮ ರೂಢಿ. ಬೂಟು ಬಿಟ್ಟ ಮೇಲೆ ಮನೆಯೊಳಗೆಂದೇ ಹಿಮ್ಮಡಿ ಎತ್ತರದ ಒಂದು ಜೊತೆ ಚಪ್ಪಲಿ ಇಟ್ಟುಕೊಂಡರೆ, ಮತ್ತು ಬಚ್ಚಲು ಒದ್ದೆಯಿರುವಾಗ ಹೋಗದಿದ್ದರೆ, ಎಷ್ಟೋ ಮರುಹರಿತಗಳು ತಪ್ಪುತ್ತವೆ. ಹೊಲದಲ್ಲಿ ದುಡಿಯುವವರಿಗೆ, ಕಟ್ಟಡ ಕೆಲಸದವರಿಗೆ ಇಷ್ಟು ತಿಂಗಳು ಕೂರುವುದೆಂದರೆ ಏನೆಂದು ನನಗೆ ಗೊತ್ತು. ಅದಕ್ಕೇ ಮೊದಲ ದಿನವೇ ಅವರಿಗೆ ಈ ಅವಧಿಯನ್ನು ಬಿಡಿಸಿ ಹೇಳಬೇಕು. ‘ಒಂದೂವರೆ ತಿಂಗಳು’ ಎಂದು ಹೇಳಿ ಕಳಿಸುವುದು ಅನ್ಯಾಯ.

ಇಷ್ಟರ ನಡುವೆ ಜೀವಕ್ಕೇ ಕುತ್ತು ತರಬಲ್ಲದ್ದು ಒಂದಿದೆ, ರಕ್ತ ಹೆಪ್ಪುಗಟ್ಟುವುದು. ನಡೆಯುವಾಗ ಮೀನಖಂಡ ಕುಗ್ಗಿ ಹಿಗ್ಗಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ರಜ್ಜು ಹರಿದು, ಕಾಲು ಪಟ್ಟಿಯಲ್ಲಿ ಕೂತರೆ ಆ ಕೆಲಸ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ ಲಕ್ಷಣ ಇರಲಿ ಬಿಡಲಿ ಎಲ್ಲರಿಗೂ ಅಲ್ಟ್ರಾಸೌಂಡ್ ಮಾಡಿ ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು. ಬಹುಪಾಲು ತಾವಾಗಿ ಕರಗುವ ಚಿಕ್ಕವು. ಎಲ್ಲರಿಗೂ ರಕ್ತ ತೆಳುವಾಗಿಸುವ ಚುಚ್ಚುಮದ್ದು ಕೊಡಬೇಕೇ? ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡ ಎಲ್ಲ ಬಗೆಯ ರೋಗಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಪ್ಪಿನ ಲಕ್ಷಣ ಕಂಡವರು ಮದ್ದು ಪಡೆದವರಲ್ಲಿ ಶೇಕಡಾ 1.4, ಪಡೆಯದವರಲ್ಲಿ ಶೇಕಡಾ 1.8. ಎಲ್ಲರಿಗೂ ಕೊಡುವುದರಿಂದ ಲಾಭವಿಲ್ಲ. ಹಿಂದೆ ಹೆಪ್ಪುಗಟ್ಟಿದ ಇತಿಹಾಸ, ಕ್ಯಾನ್ಸರ್, ಅತಿ ತೂಕ, ಗರ್ಭನಿರೋಧಕ ಮಾತ್ರೆ, ಹೆಚ್ಚಿದ ವಯಸ್ಸು ಇರುವವರ ಬಗ್ಗೆ ವೈದ್ಯರು ಬೇರೆಯಾಗಿ ಯೋಚಿಸುತ್ತಾರೆ.

ಪಟ್ಟಿಯೊಳಗಿನ ಕಾಲು ಬಿಗಿದು ಊದಿದರೆ, ಮೀನಖಂಡ ಸಿಡಿಯತೊಡಗಿದರೆ ಅದೇ ದಿನ ತೋರಿಸಬೇಕು. ಎಣ್ಣೆ ಕಾಯಿಸಿ ನೀವುವುದು ನಮ್ಮಲ್ಲಿ ಪ್ರೀತಿಯ ಉಪಚಾರ, ಆದರೆ ಹೆಪ್ಪಿರುವ ಕಾಲನ್ನು ನೀವಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ತಟ್ಟನೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಬಂದರೆ ಗ್ಯಾಸ್ ಇರಬೇಕೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಮೊದಲ ದಿನ ಉಳುಕೆಂದು ತಪ್ಪಿಹೋದವರ ಕಥೆ ಏನಾಗುತ್ತದೆ? ಮೀನಖಂಡ ಮೇಲಕ್ಕೆ ಸರಿದುಕೊಂಡು ಅಲ್ಲೇ ಗಿಡ್ಡವಾಗುತ್ತದೆ, ನಡುವಿನ ಅಂತರಕ್ಕೆ ತೆಳುವಾದ ಕಲೆ ತುಂಬುತ್ತದೆ. ನಾಲ್ಕಾರು ವಾರ ಕಳೆದರೆ ತುದಿಗಳನ್ನು ಎಳೆದು ತಂದು ಹೊಲಿಯುವುದು ಕಷ್ಟ. ನಾಟಿ ಪಟ್ಟಿ ಕಟ್ಟಿಸಿಕೊಂಡು, ಕುಂಟು ಹೋಗಲಿಲ್ಲವೆಂದು ಎರಡು ಮೂರು ತಿಂಗಳ ಮೇಲೆ ಬರುವವರಲ್ಲಿ ಶಸ್ತ್ರವೈದ್ಯರು ಆಗ ಮೇಲಿನ ಸ್ನಾಯುಪೊರೆಯನ್ನು ವಿ ಆಕಾರದಲ್ಲಿ ಕೊಯ್ದು ವೈ ಆಕಾರದಲ್ಲಿ ಹೊಲಿದು ಉದ್ದ ಗಳಿಸುತ್ತಾರೆ. ಅಂತರ ಇನ್ನೂ ದೊಡ್ಡದಿದ್ದರೆ ಹೆಬ್ಬೆರಳನ್ನು ಮಡಿಸುವ ಸ್ನಾಯುವಿನ ರಜ್ಜುವನ್ನೇ ಬಿಡಿಸಿ ಹಿಮ್ಮಡಿಯ ಮೂಳೆಗೆ ನೆಡುತ್ತಾರೆ. ಅದು ಪಕ್ಕದಲ್ಲೇ ಇದೆ, ಅದೇ ಕೆಲಸ ಮಾಡುತ್ತದೆ, ಅದರ ಮಾಂಸಕ್ಕೆ ರಕ್ತವೂ ಚೆನ್ನಾಗಿದೆ. ಹೆಬ್ಬೆರಳ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಒಳ್ಳೆಯ ಶಸ್ತ್ರಚಿಕಿತ್ಸೆ ಇದು. ಆದರೆ ಮೊದಲ ದಿನ ಅರ್ಧ ನಿಮಿಷ ಮೀನಖಂಡ ಹಿಂಡಿ ನೋಡಿದ್ದರೆ ಹೆಚ್ಚಿನವರಿಗೆ ಇದು ಬೇಕಾಗುತ್ತಿರಲಿಲ್ಲ.

ಎಲ್ಲ ಸರಿಯಾಗಿ ನಡೆದರೂ ಪೂರ್ತಿ ಮೊದಲಿನಂತಾಗುವುದು ಎಷ್ಟರ ಮಟ್ಟಿಗೆ? ಸ್ವೀಡನ್ನಿನಲ್ಲಿ ರೋಗಿಗಳನ್ನು ಏಳು ವರ್ಷದ ಮೇಲೂ ಕರೆಸಿ ನೋಡಿದ್ದಾರೆ. ಎರಡೂ ಕಾಲಿನ ಮೀನಖಂಡದ ಬಲದಲ್ಲಿ ವ್ಯತ್ಯಾಸ ಉಳಿದೇ ಇತ್ತು. ಹೆಚ್ಚಿನ ಗಳಿಕೆ ಮೊದಲ ವರ್ಷದಲ್ಲೇ ಆಗುತ್ತದೆ, ಎರಡನೆಯ ವರ್ಷ ಸೇರುವುದು ಅಲ್ಪ. ಹಾಗೆಂದು ಬದುಕು ನಿಲ್ಲುವುದಿಲ್ಲ. ಬಹುಪಾಲು ಜನ ಕೆಲಸಕ್ಕೆ ಮರಳುತ್ತಾರೆ, ಬಹಳಷ್ಟು ಜನ ಆಟಕ್ಕೂ. ಬ್ರಯಂಟ್ ಎಂಟು ತಿಂಗಳೊಳಗೆ ಅಂಗಣಕ್ಕೆ ಬಂದು, ಆರು ಪಂದ್ಯಗಳ ಬಳಿಕ ಮಂಡಿಯ ಮೂಳೆ ಮುರಿದುಕೊಂಡು ಮತ್ತೆ ಹೊರಗಾದರು. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲ. 2019ರ ಜೂನ್‌ನಲ್ಲಿ ಫೈನಲ್ಸ್ ಆಡುತ್ತಲೇ ರಜ್ಜು ಹರಿದುಕೊಂಡ ಇನ್ನೊಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಡ್ಯುರಾಂಟ್ ಒಂದೂವರೆ ವರ್ಷ ತೆಗೆದುಕೊಂಡು 2020ರ ಡಿಸೆಂಬರ್‌ನಲ್ಲಿ ಮರಳಿದರು, ಮೊದಲಿನ ಹತ್ತಿರ ಹತ್ತಿರವೇ ಆಡಿದರು. ಎರಡು ಉದಾಹರಣೆಯಿಂದ ನಿಯಮ ಮಾಡಲಾಗದು, ಆದರೆ ಅವಸರವೇ ಬೇಡ ಎನ್ನುವವರ ಪರ ನಾನಿದ್ದೇನೆ.

ಸಾಮಾನ್ಯ ಲೆಕ್ಕದಲ್ಲಿ, ಎರಡೂ ಕಾಲಿನ ಮೇಲೆ ತುದಿಗಾಲಲ್ಲಿ ಏಳುವುದು ಮೂರನೆಯ ತಿಂಗಳ ಸುಮಾರಿಗೆ, ನಿಧಾನದ ಓಟ ನಾಲ್ಕರಿಂದ ಆರನೆಯ ತಿಂಗಳಲ್ಲಿ, ಶಟಲ್‌ನಂಥ ನೆಗೆತದ ಆಟ ಒಂಬತ್ತರಿಂದ ಹನ್ನೆರಡು ತಿಂಗಳ ಮೇಲೆ. ಕ್ಯಾಲೆಂಡರಿಗಿಂತ ಕಾಲನ್ನೇ ಕೇಳುವುದು ಮೇಲು. ಬೋರಲು ಮಲಗಿ ಮಂಡಿ ಮಡಿಸಿದಾಗ ಎರಡೂ ಪಾದ ಒಂದೇ ಕೋನದಲ್ಲಿ ನಿಲ್ಲುತ್ತವೆಯೇ ಎಂದು ಫಿಸಿಯೊಥೆರಪಿಸ್ಟರಿಂದ ಅಳತೆ ಮಾಡಿಸಿಕೊಳ್ಳಿ. ಒಂದು ಪಾದ ಹೆಚ್ಚು ಬಾಗಿ ಬೀಳುತ್ತಿದ್ದರೆ ರಜ್ಜು ಉದ್ದವಾಗುತ್ತಿದೆ ಎಂದರ್ಥ, ಹಿಗ್ಗಿಸುವ ವ್ಯಾಯಾಮಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಆರು ತಿಂಗಳ ಬಳಿಕ, ಅವರು ಸೈ ಅಂದ ಮೇಲೆ, ಗೋಡೆಗೆ ಬೆರಳ ತುದಿಯಷ್ಟೇ ತಾಗಿಸಿ, ಮಂಡಿ ಮಡಿಸದೆ, ಪೆಟ್ಟಾದ ಕಾಲೊಂದರ ಮೇಲೆಯೇ ತುದಿಗಾಲಲ್ಲಿ ಎದ್ದು ನೋಡಿ. ಬೆರಳುಗಳು ಉಗುರೂರಿ ಮುದುಡುತ್ತಿದ್ದರೆ ಮೀನಖಂಡದ ಕೆಲಸವನ್ನು ಹೆಬ್ಬೆರಳಿನ ಸ್ನಾಯು ಮಾಡುತ್ತಿದೆ. ಎಷ್ಟು ಸಲ ಎದ್ದಿರಿ ಎಂಬುದರ ಜೊತೆಗೆ ಹಿಮ್ಮಡಿ ನೆಲದಿಂದ ಎಷ್ಟು ಸೆಂಟಿಮೀಟರ್ ಏರಿತು ಎಂದು ಯಾರಾದರೂ ಸ್ಕೇಲಿಟ್ಟು ಅಳೆಯಲಿ, ಇನ್ನೊಂದು ಕಾಲಿನದನ್ನೂ ಅಳೆದು ಪಕ್ಕದಲ್ಲೇ ಬರೆದಿಡಲಿ. ಮುಂದಿನ ಭೇಟಿಗೆ ಆ ಚೀಟಿ ಒಯ್ಯಿರಿ.